ಯಾರದ್ದೂ ಅಲ್ಲದ ಹಾಡು

ಕಂಪ್ಯೂಟರ್ ಮುಂದಿನ ಸ್ವರ ನುಡಿಸುವ ಮೊದಲೇ ವಿಬೆಕೆ ಅದನ್ನು ಗುನುಗಿದಳು. ಎಸ್ಬೆನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಚಾಕು ಕೆಳಗಿಟ್ಟ. ಮತ್ತೊಂದು ಸ್ವರ. ಅದನ್ನೂ ಅವಳೇ ಮೊದಲು ಹಾಡಿದಳು.

ಅವನಿಗೆ ಮೈ ಉರಿಯಿತು. ಹೆಂಡತಿಯ ಮೇಲಲ್ಲ, ತಾನು ಬರೆದ ಪ್ರೋಗ್ರಾಂ ಮೇಲೆ.

ವಿಬೆಕೆ ಡೆನ್ಮಾರ್ಕಿನ ಆರ್‌ಹುಸ್ ಊರಿನ ಚರ್ಚೊಂದರಲ್ಲಿ ಹಾಡು ಕಲಿಸುತ್ತಿದ್ದವಳು. ಬೇಸಿಗೆಯಲ್ಲಿ ಬಂದ ಮಿದುಳು ಜ್ವರ ಅವಳ ನೆನಪನ್ನು ಕಿತ್ತುಕೊಂಡು ಹೋಗಿತ್ತು. ಹಳೆಯ ಹಾಡು ಶುರು ಮಾಡುವಳು, ನಡುವೆ ಸಾಲು ತಪ್ಪಿ ಅಳುವಳು. ಅದನ್ನು ನೋಡಲಾರದೆ ಎಸ್ಬೆನ್ ಈ ಪ್ರೋಗ್ರಾಂ ಬರೆದಿದ್ದ. ಕಂಪ್ಯೂಟರ್ ತನ್ನೊಳಗೇ ದಾಳ ಉರುಳಿಸಿ, ಬಿದ್ದ ಸ್ವರವನ್ನು ನುಡಿಸಬೇಕು. ದಿನಕ್ಕೊಂದು ಹೊಸ ಹಾಡು. ನೆನಪಿಡುವ ಗೋಜೇ ಇಲ್ಲ. ಬೆಳಿಗ್ಗೆ ಅದನ್ನು ಹಾಕಿಟ್ಟು ಕೆಲಸಕ್ಕೆ ಓಡುತ್ತಿದ್ದ.

ಇಂದು ರಜೆ ಹಾಕಿದ್ದ. ಇನ್ನೇನು ವಿಬೆಕೆಯನ್ನು ಪರೀಕ್ಷಿಸಲು ವೈದ್ಯೆ ಬರುವವಳಿದ್ದಳು. ಹೊಸದೇನನ್ನಾದರೂ ಕಲಿಯಬಲ್ಲವರಿಗೆ ಮಾತ್ರ ಚಿಕಿತ್ಸೆ ಮುಂದುವರಿಯುತ್ತದೆ. ಉಳಿದವರು ಆರೈಕೆ ಕೇಂದ್ರಕ್ಕೆ. ಅಲ್ಲಿಗೆ ಹೋದವರು ಮನೆಗೆ ಮರಳಿದ್ದನ್ನು ಅವನು ಕೇಳಿರಲಿಲ್ಲ. ವೈದ್ಯೆ ತೋರಿಸಿದ ಚಿತ್ರ, ಹೇಳಿಕೊಟ್ಟ ಪದ, ವೈದ್ಯೆಯ ಹೆಸರು, ಯಾವುದೂ ವಿಬೆಕೆಯ ತಲೆಯಲ್ಲಿ ನಿಂತಿರಲಿಲ್ಲ.

“ಇದು ಯಾರ ಹಾಡು?” ವಿಬೆಕೆ ಕೇಳಿದಳು. ದಿನವೂ ಕೇಳುತ್ತಿದ್ದ ಪ್ರಶ್ನೆಯೇ.

“ಯಾರದ್ದೂ ಅಲ್ಲ ಕಣೇ. ದಾಳ ಬಿದ್ದ ಹಾಗೆ.”

“ನಾನೇ ಯಾರಿಗೋ ಹೇಳ್ಕೊಟ್ಟ ಹಾಗಿದೆ.”

ಹಗಲೆಲ್ಲ ಅವಳನ್ನು ನೋಡಿಕೊಳ್ಳುತ್ತಿದ್ದ ಎಸ್ಬೆನ್‌ನ ಅಕ್ಕ ಗೆರ್ಡಾ ಕಾಫಿ ಬಗ್ಗಿಸುತ್ತಾ ಮೂಗು ಮುರಿದಳು. “ನಿನ್ನ ಹೊಸ ಹಾಡು ನಂಗಂತೂ ದಿನಾ ಒಂದೇ ಥರ ಕೇಳುತ್ತಪ್ಪ.”

ಸಂಗೀತದ ಗಂಧ ಇಲ್ಲದವರಿಗೆ ಹಾಗೇ ಕೇಳುವುದು ಎಂದು ಎಸ್ಬೆನ್ ಸಿಡುಕಿದ. ಆದರೂ ಮಾತು ಚುಚ್ಚಿತ್ತು. ದಾಳದ ಹಾಡು ಊಹೆಗೆ ಸಿಗುತ್ತಿದೆ ಎಂದರೆ ದಾಳವೇ ಸರಿಯಿಲ್ಲ. ಹೆಂಡತಿಗಾಗಿ ಮಾಡಿದ ಇದೊಂದು ಕೆಲಸವೂ ತನಗೆ ನೆಟ್ಟಗೆ ಬರಲಿಲ್ಲ.

ಲ್ಯಾಪ್‌ಟಾಪ್ ಎಳೆದುಕೊಂಡು ಕೊನೆಯ ಸಾಲಿನಿಂದ ಮೇಲಕ್ಕೆ ಹುಡುಕುತ್ತಾ ಹೋದ. ಸ್ವರ ಆರಿಸುವ ಲೆಕ್ಕ ಸರಿಯಿತ್ತು. ಲಯದ ಲೆಕ್ಕವೂ ಸರಿಯಿತ್ತು. ಹುಳುಕು ಸಿಗದೆ ತಲೆ ಚಚ್ಚಿಕೊಳ್ಳುವಂತಾಯಿತು.

ಕರೆಗಂಟೆ ಮೊಳಗಿತು. ಗೆರ್ಡಾ ಬಾಗಿಲಿನತ್ತ ನಡೆಯುತ್ತಾ ಹಾಡು ನಿಲ್ಲಿಸಲು ಹೇಳಿದಳು. ಎಸ್ಬೆನ್ ನಿಲ್ಲಿಸಿದ.

ವಿಬೆಕೆ ನಿಲ್ಲಿಸಲಿಲ್ಲ. ತಡವರಿಸದೆ, ಅಳದೆ ಮುಂದಕ್ಕೆ ಹಾಡುತ್ತಾ ಹೋದಳು.

ಎಸ್ಬೆನ್‌ನ ಕಣ್ಣು ಪ್ರೋಗ್ರಾಂನ ಮೊದಲ ಸಾಲಿನ ಮೇಲೆ ನಿಂತಿತು. ದಾಳ ಉರುಳಿಸಲು ಕಂಪ್ಯೂಟರಿಗೆ ಆರಂಭದ ಅಂಕಿಯೊಂದು ಬೇಕು. ಪ್ರೋಗ್ರಾಂ ಬರೆಯುವವರು ಅದನ್ನು ಬೀಜ ಎನ್ನುತ್ತಾರೆ. ಬೀಜ ಬದಲಾದರೆ ಹಾಡು ಬದಲಾಗುತ್ತದೆ. ತಪ್ಪು ಹುಡುಕುವಾಗ ಮಾತ್ರ, ಅದೇ ಹಾಡು ಮತ್ತೆ ಮತ್ತೆ ಬರಲೆಂದು, ಒಂದೇ ಅಂಕಿಯನ್ನು ಇಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ಅವನು ಇಟ್ಟ ಅಂಕಿ ಅಲ್ಲೇ ಇತ್ತು. ಚಳಿಗಾಲವಿಡೀ ಈ ಮನೆಯಲ್ಲಿ ನುಡಿದದ್ದು ಒಂದೇ ಹಾಡು. ವಿಬೆಕೆ ಅದನ್ನು ಕಲಿತುಬಿಟ್ಟಿದ್ದಳು.

ಮರೆತವನು ಅವನೊಬ್ಬನೇ.