ತೆಗೆದಿಟ್ಟ ಹೆಸರು

ಬೆಳಗ್ಗೆ ಹನ್ನೊಂದು ಗಂಟೆಗೆ ಮಕ್ಕಳ ಡಾಕ್ಟರ್ ಹೊರಗೆ ಬಂದು, ಮಗು ಸಂಜೆ ದಾಟುವುದು ಕಷ್ಟ ಎಂದರು. ಹುಟ್ಟಿ ಮೂರು ದಿನವಾಗಿದ್ದ ಹೆಣ್ಣು ಮಗು. ಗಾಜಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಮೂವರಿದ್ದರು: ಬಾಣಂತಿ, ಅವಳ ಗಂಡ, ಗಂಡನ ಅಕ್ಕ. ಡಾಕ್ಟರ ಹಿಂದೆಯೇ ಬಂದ ನರ್ಸ್, "ತಾಯಿ ಒಳಗೆ ಬಂದು ಕೂತ್ಕೊಳ್ಳಿ. ಕೈ ಮುಟ್ಟಬಹುದು. ಹೆಸರು ಹಿಡಿದು ಕರೀರಿ, ನಿಮ್ಮ ದನಿ ಅದಕ್ಕೆ ಗೊತ್ತಾಗುತ್ತೆ," ಎಂದು ಹೇಳಿ ಹೋದಳು.

ಹೆಸರು ಸಿದ್ಧವಾಗಿತ್ತು. ನೈದಿಲೆ. ಹುಡುಕಿದವಳು ಅಕ್ಕ. ಹೊಲಿಗೆ ಅಂಗಡಿ ನಡೆಸುವ ಆಕೆ ತನಗೆ ಹುಟ್ಟುವ ಮಗಳಿಗೆಂದು ಇಟ್ಟುಕೊಂಡಿದ್ದ ಹೆಸರು ಅದು. ಮಗಳು ಹುಟ್ಟಲಿಲ್ಲ, ವಯಸ್ಸು ಮೀರಿದ ಮೇಲೆ, ತಮ್ಮನ ಹೆಂಡತಿ ಬಸುರಿಯಾದಾಗ, ಹೆಸರನ್ನು ಆ ಮನೆಗೆ ಕೊಟ್ಟಳು. "ಕತ್ತಲಲ್ಲಿ ಅರಳೋ ಹೂವು ಕಣೋ," ಎಂದಾಗ ತಮ್ಮ, "ಸರಿಹೋಯ್ತು, ರಾತ್ರಿಯೆಲ್ಲ ತಾನೂ ಮಲಗಲ್ಲ, ನಮ್ಮನ್ನೂ ಮಲಗಗೊಡಲ್ಲ," ಎಂದು ನಕ್ಕಿದ್ದ. "ಕೆಸರಲ್ಲಿ ಹುಟ್ಟೋದು ಅಂತ ಶಾಲೇಲಿ ಆಡ್ಕೋತಾರೆ ಅಷ್ಟೇ," ಎಂದು ಹೆಂಡತಿ ಮೂಗು ಮುರಿದಿದ್ದಳು. ತಿಂಗಳು ಕಳೆಯುವುದರೊಳಗೆ ಬೇರೆ ಯಾವ ಹೆಸರೂ ಅವಳ ಬಾಯಿಗೆ ಬಾರದಂತಾಗಿತ್ತು.

ಅವಳು ಗೋಡೆ ಹಿಡಿದು ಎದ್ದಳು. ಅಕ್ಕ ಅವಳ ಮೊಣಕೈ ಹಿಡಿದುಕೊಂಡಳು.

"ತಡಿಯೇ. ಒಳಗೆ ಹೋಗಿ ಆ ಹೆಸರು ಹಿಡಿದು ಕರೀಬೇಡ."

"ಯಾಕೆ ಅತ್ತಿಗೆ?"

"ನಾನು ಹೊಲಿಯೋಳು, ನನಗೆ ತಿಳಿದಿರೋದು ಅಷ್ಟೇ. ಒಳ್ಳೆ ಬಟ್ಟೆ ಒಂದೇ ತುಂಡು ಇದ್ರೆ, ಅಳತೆ ಗಟ್ಟಿ ಆಗೋವರೆಗೂ ಕತ್ತರಿ ಹಾಕಲ್ಲ. ಹಾಕಿದ್ಮೇಲೆ ಅದು ಇನ್ನೊಬ್ಬರ ಮೈಗೆ ಕೂರಲ್ಲ. ಈ ಕೂಸಿಗೆ ಇಟ್ರೆ ಹೆಸರೂ ಇದರ ಜೊತೆ ಹೋಗುತ್ತೆ. ನಾಳೆ ಹುಟ್ಟೋದಕ್ಕೆ ಏನಂತ ಇಡ್ತೀಯ? ಅದನ್ನೇ ಇಟ್ರೆ, ಕೂಗಿದಾಗೆಲ್ಲ ನಿನ್ನ ಕಣ್ಣಿಗೆ ಇವಳೇ ಬರ್ತಾಳೆ."

"ಬಿಸಿಲು ಕಾಣದೆ ಅರಳುತ್ತೆ ಅಂತ ನೀವೇ ಹೇಳಿದ್ರಿ. ಇವಳು ಬಿಸಿಲೆಲ್ಲಿ ಕಂಡಳು? ಹುಟ್ಟಿದಾಗಿಂದ ಆ ನೀಲಿ ದೀಪದ ಕೆಳಗೇ ಇದ್ದಾಳೆ. ಇವಳಿಗಿಂತ ಇನ್ಯಾರಿಗೆ ಒಪ್ಪುತ್ತೆ?"

"ಒಪ್ಪಲ್ಲ ಅಂದೆನಾ ನಾನು?" ಅಕ್ಕ ಹಿಡಿದ ಮೊಣಕೈ ಬಿಡಲಿಲ್ಲ. "ಒಂದು ಸಲ ಕೈತಪ್ಪಿದ ಹೆಸರು ಕಣೇ ಅದು. ಇನ್ನೊಂದು ಸಲ ಮಣ್ಣಿಗೆ ಹಾಕೋಕೆ ನನ್ನ ಕೈಲಾಗಲ್ಲ."

ಹೆಂಡತಿ ಗಂಡನ ಕಡೆ ತಿರುಗಿದಳು. "ನೀವು ಹೇಳಿ."

ಅವನಿಗೆ ಗೊತ್ತಿದ್ದ ಒಂದು ಸಂಗತಿ ಆ ಇಬ್ಬರಿಗೂ ಗೊತ್ತಿರಲಿಲ್ಲ. ಹೆರಿಗೆಯಾದ ರಾತ್ರಿ ರಕ್ತ ನಿಲ್ಲದೆ, ತಾಯಿಯ ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಅವಳಿಗೆ ತಾನೇ ನಿಧಾನವಾಗಿ ಹೇಳುತ್ತೇನೆ ಎಂದು ಅವನು ಡಾಕ್ಟರನ್ನು ಕೇಳಿಕೊಂಡಿದ್ದ. ಇನ್ನೂ ಹೇಳಿರಲಿಲ್ಲ.

ಅವನು ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ನಡುವೆ ನಿಂತು ಜನ ಸಿಕ್ಕಿಕೊಂಡಾಗ ಹೊರಗಿನಿಂದ ಮೊದಲು ಕೂಗಿ ಹೇಳುವ ಮಾತು ಒಂದೇ: "ಬಂದೆ, ಎರಡೇ ನಿಮಿಷ." ಗಂಟೆಗಟ್ಟಲೆ ಹಿಡಿಯುತ್ತದೆಂದು ಗೊತ್ತಿದ್ದರೂ ಹಾಗೆಯೇ ಹೇಳಬೇಕು. ನಿಜ ಹೇಳಿದರೆ ಒಳಗಿರುವವರು ಬಾಗಿಲು ಬಡಿದು ಕೈ ಮುರಿದುಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದಾಗಿನಿಂದ ಅವನು ಹಾಗೆಯೇ ಹೇಳಿದ್ದ, ಪ್ರತಿ ಸಲವೂ ಬಾಗಿಲು ತೆರೆದಿತ್ತು.

"ಅಕ್ಕ ಹೇಳೋದೂ ಸರಿನೇ," ಎಂದ. "ಮುಂದಿನದಕ್ಕೆ ಇರಲಿ."

"ಮುಂದಿನದು ಆಗುತ್ತಾ ರೀ?"

"ಆಗದೆ ಏನು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಗಾಜಿನ ಪೆಟ್ಟಿಗೆಯ ರಂಧ್ರದಲ್ಲಿ ಕೈ ತೂರಿಸಿ ಮಗುವಿನ ಅಂಗಾಲು ಮುಟ್ಟಿದಳು. "ಪುಟ್ಟೀ," ಎಂದು ಕರೆದಳು. ಆ ಕೋಣೆಯಲ್ಲಿ ಇನ್ನೂ ಮೂರು ಹೆಣ್ಣು ಕೂಸುಗಳಿದ್ದವು. ಅವುಗಳ ತಾಯಂದಿರೂ ಹಾಗೆಯೇ ಕರೆಯುತ್ತಿದ್ದರು.

ಊಟದ ಹೊತ್ತು ಮೀರಿದ ಮೇಲೆ ಗಂಡ ಬಾಗಿಲು ಸರಿಸಿ ಒಂದು ಕಾಲು ಒಳಗಿಟ್ಟ. "ಕೇಳಿಲ್ಲಿ," ಎಂದ. ಅವಳು ತಿರುಗಿದಳು. ಅವಳ ಬೆರಳು ಇನ್ನೂ ಪೆಟ್ಟಿಗೆಯೊಳಗೇ ಇತ್ತು. "ಏನಾದ್ರೂ ತಿನ್ನೋಕೆ ತರಲಾ?" ಎಂದು ಕೇಳಿದ. ಬೇಡವೆಂದು ತಲೆಯಾಡಿಸಿದಳು. ಮಗು ಕಣ್ಣು ತೆರೆಯಲಿಲ್ಲ. ನಾಲ್ಕು ಗಂಟೆಗೆ ಮುಂಚೆ ತೀರಿಕೊಂಡಿತು.

ಅವರು ಆಸ್ಪತ್ರೆ ಬಿಟ್ಟು ಹೊರಟ ದಿನ ವಾರ್ಡಿನ ಪಕ್ಕದ ಮಂಚದ ಬಾಣಂತಿ ಕರೆದಳು. ಅವಳದೂ ಹೆಣ್ಣು, ಮಡಿಲಲ್ಲಿ ಹಾಲು ಕುಡಿಯುತ್ತಿತ್ತು. ಹೆಸರಿನ ಬಗ್ಗೆ ಅಕ್ಕ ತಮ್ಮ ವಾರ್ಡಿನಲ್ಲಿ ಆಡಿಕೊಂಡ ಮಾತು ಅವಳ ಕಿವಿಗೂ ಬಿದ್ದಿತ್ತು.

"ತಪ್ಪು ತಿಳ್ಕೋಬೇಡಿ. ನೈದಿಲೆ ಅನ್ನೋ ಹೆಸರು ನನ್ನ ಮನಸ್ಸಿಗೆ ಹತ್ತಿಬಿಟ್ಟಿದೆ. ನೀವು ಇಡಲಿಲ್ಲವಂತೆ. ನಾವು ಇಟ್ಕೊಳ್ಳಲಾ? ನಿಮ್ಮ ಪಾಪುನ ನೆನೆಸ್ಕೊಂಡೇ ಕರೀತೀವಿ."

ಹೆಂಡತಿ ಆ ಮಗುವಿನ ತಲೆ ಸವರಿದಳು. "ಇಲ್ಲಮ್ಮ, ಅದೊಂದು ಕೊಡೋಕಾಗಲ್ಲ. ನಮಗೇ ಬೇಕಾಗುತ್ತೆ," ಎಂದಳು. ಹಿಂದೆ ತಿರುಗಿ ಗಂಡನನ್ನು ಕೇಳಿದಳು: "ಅಲ್ವೇನ್ರೀ?"

ಬ್ಯಾಗಿನ ಜಿಪ್ ಎಳೆಯುತ್ತಿದ್ದ ಗಂಡ ಹೌದು ಎಂದ.