ಅಕ್ಕನ ಚಾನೆಲ್

"ಐದು ವರ್ಷದಿಂದ ಹೊಸ ವಿಡಿಯೊ ಹಾಕದ ಚಾನೆಲ್‌ಗಳನ್ನು ತಿಂಗಳ ಕೊನೆಗೆ ಅಳಿಸಲಾಗುವುದು." ವಿಡಿಯೊ ತಾಣದ ಈ ಪ್ರಕಟಣೆ ಬರೆದವಳೇ ಅದರ ಕೆಳಗಿನ ಬೈಗುಳಕ್ಕೂ ಉತ್ತರ ಕೊಡಬೇಕಿತ್ತು. ಬೆಳಗಿನಿಂದ 'ನಿಮ್ಮ ಸಹಕಾರಕ್ಕೆ ಧನ್ಯವಾದ' ಎಂದು ಅಂಟಿಸಿ ಅಂಟಿಸಿ ಅವಳಿಗೆ ಸಾಕುಸಾಕಾಗಿತ್ತು.

ಆಗ ಒಬ್ಬ ಹೆಂಗಸಿನ ಪ್ರಶ್ನೆ ಬಂತು: "ಮೇಡಂ, ಹೊಲಿಗೆ ಕಲಿಸೋ ಈ ಚಾನೆಲ್ ನಮ್ಮಕ್ಕಂದು. ಅಕ್ಕ ಈಗಿಲ್ಲ. ಪಾಸ್‌ವರ್ಡ್ ನನ್ನ ಹತ್ರ ಇದೆ. ಆದ್ರೆ ಅವಳ ಹೊಸ ವಿಡಿಯೊ ಎಲ್ಲಿಂದ ತರ್ಲಿ?"

ಅಂಟಿಸಲು ಹೋದ ಬೆರಳು ಅಲ್ಲೇ ನಿಂತಿತು. ಅಂದು ಮೊದಲ ಸಲ ಅವಳು ಸ್ವಂತ ಮಾತು ಬರೆದಳು: "ನಿಮ್ಮದೇ ಒಂದು ಹಾಕಿಬಿಡಿ ಅಮ್ಮಾ. ಹತ್ತು ಸೆಕೆಂಡಾದ್ರೂ ಸಾಕು, ಚಾನೆಲ್ ಉಳಿಯುತ್ತೆ."

ಊಟದ ಹೊತ್ತಿಗೆ ವಿಡಿಯೊ ಬಂತು. ಅವಳು ಡಬ್ಬಿ ಪಕ್ಕಕ್ಕಿಟ್ಟು ನೋಡಿದಳು. ಎರಡು ಒರಟು ಕೈಗಳು ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದವು. "ನಂಗೆ ಹೊಲಿಗೆ ಬರಲ್ಲ," ಎಂದಿತು ಧ್ವನಿ. "ಅಕ್ಕನ ಮೊದಲ್ನೇ ಪಾಠ ನೋಡ್ಕೊಂಡು ಇವತ್ತು ಶುರು ಮಾಡಿದೀನಿ."