ಹಳದಿಯಾಗದ ನೀರು

ಲಿಫ್ಟಿನ ಗುಂಡಿಯಲ್ಲಿ ನಿಂತ ನೀರಿಗೆ ವೆಂಕಟಗಿರಿಯವರು ಟಾರ್ಚಿನ ಬೆಳಕು ಬಿಟ್ಟಾಗ ಅನಂತಲಕ್ಷ್ಮಿ ಅರಿಶಿನದ ಡಬ್ಬಿ ಹಿಡಿದು ಹಿಂದೆಯೇ ನಿಂತಿದ್ದರು. ಪಕ್ಕದಲ್ಲಿದ್ದ ನೀರಿನ ಸಂಪಿನ ಒಳಗೋಡೆಗೆ ಬೇಸಿಗೆಯಲ್ಲಿ ಮುಂದೆ ನಿಂತು ಪ್ಲಾಸ್ಟರಿಂಗ್ ಮಾಡಿಸಿದವರು ಅಸೋಸಿಯೇಷನ್ನಿನ ಕಾರ್ಯದರ್ಶಿಯಾದ ಅನಂತಲಕ್ಷ್ಮಿಯೇ. ಈಗ ಅದೇ ಸಂಪು ಬಿರುಕುಬಿಟ್ಟು ಸೋರುತ್ತಿದೆ ಎಂದು ಕೆಂಗೇರಿ ಉಪನಗರದ ಆ ಕಟ್ಟಡದವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಅದಕ್ಕೇ ಅನಂತಲಕ್ಷ್ಮಿ ಹಿಂದಿನ ದಿನ ಸಂಪಿನ ನೀರಿಗೆ ಅರ್ಧ ಡಬ್ಬಿ ಅರಿಶಿನ ಸುರಿದಿದ್ದರು. ಸೋರಿದ್ದರೆ ಗುಂಡಿಯ ನೀರು ಹಳದಿಯಾಗಬೇಕು.

"ನಮ್ಮನೆ ನಲ್ಲೀಲಿ ಹಳದಿ ನೀರು ಬಂದು ಬಿಳೀ ಪಂಚೆ ಹಾಳಾಯ್ತು ಕಣ್ರೀ" ಎಂದು ಗೊಣಗುತ್ತಲೇ ವೆಂಕಟಗಿರಿ ಬಗ್ಗಿ ನೋಡಿದರು. ಗುಂಡಿಯ ನೀರು ತಿಳಿಯಾಗಿತ್ತು. ತಳದಲ್ಲಿ ಬಿದ್ದಿದ್ದ ನಟ್ಟು ಕೂಡ ಕಾಣುತ್ತಿತ್ತು. ಅನಂತಲಕ್ಷ್ಮಿಗೆ ಹೋದ ಜೀವ ಬಂದಂತಾಯಿತು.

"ಸಂಪಿಂದಲ್ಲ ಅಂದ್ರೆ ಇನ್ನೆಲ್ಲಿಂದ ಬಂತ್ರೀ ಇದು?" ಎಂದರು ವೆಂಕಟಗಿರಿ.

ಅನಂತಲಕ್ಷ್ಮಿಗೆ ಏನೋ ಹೊಳೆದು, ಡಬ್ಬಿ ಹಿಡಿದುಕೊಂಡೇ ಕಟ್ಟಡದ ಹಿಂದಕ್ಕೆ ನಡೆದರು. ಅಲ್ಲಿದ್ದ ಹಳೇ ಬಾವಿ ಎರಡು ವರ್ಷದಿಂದ ಬತ್ತಿತ್ತು. ಜನ ಅದರ ಮೇಲಿನ ಜಾಲರಿ ಸರಿಸಿ ಒಡೆದ ಹೂಕುಂಡ ಎಸೆಯುತ್ತಿದ್ದರು. ಜಾಲರಿ ಸರಿಸಿದರೆ ಒಂದು ಕುಂಡವೂ ಕಾಣಲಿಲ್ಲ. ಬಗ್ಗಿದರೆ ಮುಖ ಕಾಣುವಷ್ಟು ಹತ್ತಿರ ನೀರು ನಿಂತಿತ್ತು.

"ಅಂತರ್ಜಲ ಮೇಲೆ ಬಂದಿದೆ ಸಾರ್. ಮಳೆ ನೀರು ಇಂಗಿ ಇಂಗಿ, ನೆಲದೊಳಗಿನ ನೀರಿನ ಮಟ್ಟ ನಮ್ಮ ಗುಂಡಿಗಿಂತ ಮೇಲೆ ಏರಿದೆ. ಅಲ್ಲಿ ಒಸರ್ತಾ ಇರೋದು ಅದೇ."

ಹಿಂದೆಯೇ ಬಂದಿದ್ದ ವೆಂಕಟಗಿರಿ ಬಾವಿಕಟ್ಟೆ ಹಿಡಿದು ಬಹಳ ಹೊತ್ತು ಇಣುಕಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಬಿಟ್ಟು ಬಂದು, ನೀರಿಗೆ ಕೈಮುಗಿದು, ಅನಂತಲಕ್ಷ್ಮಿಯತ್ತ ಕೈಚಾಚಿದರು.

"ಡಬ್ಬೀಲಿ ಇನ್ನೂ ಅರಿಶಿನ ಇದ್ಯೇನಮ್ಮಾ?"